ದೇವರಗುಂಡಿಯ ಮೀನು, ಪಿಎಫ್ ದುಡ್ಡು

ದೇವರಗುಂಡಿಯ ಮೀನು ಹಿಡಿಯುವುದಿಲ್ಲ ಎಂದು ಪಿಯೂಸ್ ಮಾತು ಕೊಟ್ಟಾಗ ಅವನ ಕೈಯಲ್ಲಿ ಗಾಳವಿತ್ತು. ಗಾಳದ ತುದಿಯಲ್ಲಿ ಮೀನೂ ಇತ್ತು. ಮಂಗಳೂರಿನ ಕಡೆಯಿಂದ ಬೆಳಗೋಡಿನ ಹತ್ತಿರದ ಎಸ್ಟೇಟಿಗೆ ಲೆಕ್ಕ ಬರೆಯುವ ರೈಟರ್ ಆಗಿ ಬಂದು ಆಗಿನ್ನೂ ವಾರ ಕಳೆದಿರಲಿಲ್ಲ. ಮೀನಿಲ್ಲದ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಳ್ಳದ ಪಕ್ಕದ ಗದ್ದೆಯಿಂದ ಪಾರ್ವತಮ್ಮ ಕುಡುಗೋಲು ಹಿಡಿದೇ ಓಡಿಬಂದಿದ್ದಳು. “ಬಿಡೋ ಅದನ್ನ! ದೇವರ ಮೀನು ಕಣೋ ಅದು!” ಹೆದರಿದ ಹುಡುಗ ಮೀನನ್ನು ನೀರಿಗೆ ಬಿಟ್ಟು, ಅವಳ ಈಶ್ವರನ ಮೇಲೂ ತನ್ನ ಸಂತ ಅಂತೋಣಿಯ ಮೇಲೂ ಆಣೆ ಇಟ್ಟಿದ್ದ. ಅಂದಿನಿಂದ ಅವನ ಮನೆಗೆ ಮೀನು ಬರುತ್ತಿದ್ದುದು ಸಂತೆಯಿಂದ.

ಹಳ್ಳದ ನಡುವಿನ ಆ ಗುಂಡಿಯನ್ನು ಎಸ್ಟೇಟಿನವರೂ ಮುಟ್ಟುತ್ತಿರಲಿಲ್ಲ. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟ ವರ್ಷ ಹಳ್ಳದ ನೀರೆತ್ತಿ ಕಾಫಿಗೆ ಹಾಯಿಸುವಾಗಲೂ, ಗುಂಡಿಯಿಂದ ಕೆಳಗೆ ಮರಳಿನ ಚೀಲ ಅಡ್ಡಹಾಕಿ ನಿಲ್ಲಿಸಿಕೊಂಡ ನೀರಿಗೇ ಪಂಪಿನ ಪೈಪು ಇಳಿಸುತ್ತಿದ್ದರು. ಆ ಕೆಲಸವನ್ನು ನಿಂತು ನೋಡಿಕೊಳ್ಳುತ್ತಿದ್ದವನು ಪಿಯೂಸನೇ.

ಈಗ ಅವನಿಗೆ ನಿವೃತ್ತಿಯಾಗಿತ್ತು. ಜೀವಮಾನದ ಪಿಎಫ್ ದುಡ್ಡು ಬ್ಯಾಂಕಿಗೆ ಬಂದ ಸುದ್ದಿ ಅವನಿಗಿಂತ ಮೊದಲು ಆಲೂರಿನ ಹೂಡಿಕೆ ಏಜೆಂಟ್ ರಾಜಶೇಖರನಿಗೆ ಗೊತ್ತಾಗಿತ್ತು. ಬೈಕಿನಲ್ಲಿ ಬಂದವನೇ ಜಗಲಿಯ ಮೇಲೆ ಕೂತು, ಹಸಿರು ಎಲೆಯ ಚಿತ್ರವಿದ್ದ ಕಾಗದಗಳನ್ನು ಹರಡಿದ.

“ನೀರಿಂದ ಕರೆಂಟು ತೆಗೆಯೋ ಕಂಪನಿ ಸಾರ್. ಕಲ್ಲಿದ್ದಲಿಲ್ಲ, ಹೊಗೆಯಿಲ್ಲ. ಪರಿಸರಕ್ಕೂ ಒಳ್ಳೇದು, ನಿಮಗೂ ಒಳ್ಳೇದು. ಪೋಸ್ಟಾಫೀಸಿಗಿಂತ ಜಾಸ್ತಿ ಬಡ್ಡಿ, ತಿಂಗಳು ತಿಂಗಳು ಪೆನ್ಷನ್ ಥರ.”

ಪಿಯೂಸನಿಗೆ ಮಾತು ಹಿಡಿಸಿತು. ಒಳಗೆ ಕಾಫಿ ಸೋಸುತ್ತಿದ್ದ ಹೆಂಡತಿಯನ್ನು ಕೂಗಿದ. “ಕೇಳಿದ್ಯಾ ಕ್ಲೆಮೆಂಟಿನಾ? ಕ್ರಿಸ್ಮಸ್ಸಿಗೆ ಫ್ರಿಜ್ಜು!”

“ಫ್ರಿಜ್ಜು ಬಂದ ಮೇಲೆ ಕೂಗಿ,” ಎಂದಳು ಅವಳು. ಸಂತೆಯ ಮೀನು ಎರಡನೆಯ ದಿನಕ್ಕೆ ನಾರುವ ಕಷ್ಟ ಅವಳಿಗೇ ಗೊತ್ತು.

ಕೆಸುವಿನ ಸೊಪ್ಪು ಕೊಡಲು ಬಂದ ಪಾರ್ವತಮ್ಮ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಕೇಳುವವರು ಹೆಚ್ಚಾದಂತೆ ರಾಜಶೇಖರನ ಉತ್ಸಾಹವೂ ಹೆಚ್ಚಿತು. ನಕ್ಷೆ ಬಿಚ್ಚಿದ.

“ನಿಮ್ಮ ದುಡ್ಡು ಎಲ್ಲಿಗೋ ಹೋಗಲ್ಲ ಸಾರ್. ನಿಮ್ಮ ಹಳ್ಳಕ್ಕೇ! ಇಗೋ, ಮೇಲಿನ ಸೇತುವೆ ಹತ್ರ ಒಂದು ಕಟ್ಟೆ. ಅಲ್ಲಿಂದ ನೀರನ್ನ ಪೈಪಲ್ಲಿ ತಂದು, ಇಗೋ, ಕೆಳಗೆ ಕರೆಂಟ್ ತೆಗೆಯೋ ಮಿಷನ್ ಮನೇಲಿ ಬಿಡೋದು.”

“ಮಧ್ಯೆ?” ಪಿಯೂಸ್ ಕೇಳಿದ.

“ಮಧ್ಯೆ ಏನಿಲ್ಲ ಸಾರ್. ಬರೀ ಬಂಡೆ.”

“ಮಧ್ಯೆ ನಮ್ ಗುಂಡಿ ಐತಲ್ಲಪ್ಪಾ,” ಎಂದಳು ಪಾರ್ವತಮ್ಮ.

“ಮಳೆಗಾಲದಲ್ಲಿ ತುಂಬ್ಕೊಳುತ್ತೆ ಬಿಡಿ ಅಜ್ಜಿ.”

“ಬ್ಯಾಸಿಗೇಲಿ ಮೀನೆಲ್ಲ ಬಸ್ ಹತ್ಕಂಡು ನಿಮ್ ಆಲೂರಿಗೆ ಬತ್ತಾವಾ?”

ಪಿಯೂಸ್ ಜೋರಾಗಿ ನಕ್ಕ. ಆಮೇಲೆ ನಗು ಅರ್ಧಕ್ಕೆ ನಿಂತಿತು. “ನಾನು ಗಾಳ ಹಾಕುದಿಲ್ಲ ಅಂದದ್ದು ಪಾರ್ವತಮ್ಮ. ನೀರಿನ ವಿಷಯ ಆಗ ಮಾತಾಡ್ಲಿಲ್ಲ ನಾವು.”

“ಗಾಳಕ್ಕಾದ್ರೆ ಒಂದು ಮೀನು ಸಿಕ್ತಿತ್ತು ರೈಟ್ರೇ. ಇದು ಮರಿಮಕ್ಕಳ ಸಮೇತ ಹಿಡೀತದೆ. ನಿಮ್ ದುಡ್ಡು, ನೀವುಂಟು. ನಾನೇನೂ ಅನ್ನಾಕಿಲ್ಲ,” ಎಂದು ಪಾರ್ವತಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅನ್ನುವುದನ್ನೆಲ್ಲ ಅಂದಾಗಿತ್ತು.

ಕ್ಲೆಮೆಂಟಿನಾ ಕಾಫಿ ತಂದಿಟ್ಟಳು. ಪಿಯೂಸ್ ಅವಳ ಮುಖ ನೋಡಿದ.

“ನನ್ನನ್ನೇನು ನೋಡ್ತೀರಿ?” ಎಂದಳು. “ಆ ಫ್ರಿಜ್ಜಿನಿಂದ ಮೀನು ತೆಗೆಯುವಾಗೆಲ್ಲ ನೀವು ಈ ಕಥೆ ಹೇಳ್ತೀರಿ. ನನಗೆ ನೆಮ್ಮದಿಯಲ್ಲಿ ಉಣ್ಲಿಕ್ಕೆ ಬೇಕು.”

ಪಿಯೂಸ್ ಕಾಗದಗಳನ್ನು ಜೋಡಿಸಿ ರಾಜಶೇಖರನ ಕಡೆ ಸರಿಸಿದ. “ಇಷ್ಟು ವರ್ಷ ನನ್ನ ಸಂಬಳದಲ್ಲಿ ಪಿಎಫ್ ಅಂತ ಹಿಡಿದ ದುಡ್ಡು ಎಲ್ಲೆಲ್ಲಿ ತಿರುಗಿ ಬಂತೋ! ಯಾವ ಊರಿನ ಹಳ್ಳ ಬತ್ತಿಸಿತೋ!”

“ಅದೆಲ್ಲ ಯಾರು ಕೇಳ್ತಾರೆ ಸಾರ್?”

“ನಾನೂ ಕೇಳ್ಲಿಲ್ಲ.”

“ನೀವು ಕೊಡದಿದ್ರೂ ಕೆಲಸ ನಿಲ್ಲಲ್ಲ. ಬೇರೆಯವರು ಕೊಡ್ತಾರೆ.”

“ಕೊಡ್ಲಿ ಮಾರಾಯ. ಅವರು ಮಾತು ಕೊಟ್ಟಿಲ್ಲ. ಕಾಫಿ ಕುಡಿ, ಆರ್ತದೆ.”

ಮರುವಾರ ಪಿಯೂಸ್ ಪಿಎಫ್ ದುಡ್ಡು ಇಡಲು ಬೆಳಗೋಡಿನ ಪೋಸ್ಟಾಫೀಸಿನ ಕಿಟಕಿಯ ಮುಂದೆ ನಿಂತಿದ್ದ. “ಈ ದುಡ್ಡು ಇಲ್ಲಿಂದ ಎಲ್ಲಿಗೆ ಹೋಗ್ತದೆ?” ಎಂದು ಕೇಳಿದ.

ಪೋಸ್ಟ್ ಮಾಸ್ಟರ್ ಶಾಂತಮಲ್ಲಪ್ಪ ಕನ್ನಡಕದ ಮೇಲಿಂದ ನೋಡಿದರು. “ಹಾಸನಕ್ಕೆ.”

“ಅಲ್ಲಿಂದ?”

“ಹಿಂದೆ ಜನ ನಿಂತವ್ರೆ ರೈಟ್ರೇ!”

ಪಿಯೂಸ್ ನಗುತ್ತಲೇ ಹೊರಬಿದ್ದ. ಉತ್ತರ ಸಿಕ್ಕಿರಲಿಲ್ಲ, ಹಾಸನಕ್ಕೆ ಹೋದಾಗ ಕೇಳಬೇಕು ಎಂದುಕೊಂಡ. ಅಂಗಡಿಯಲ್ಲಿ ಒಂದು ಪೊಟ್ಟಣ ಪುರಿ ಕಟ್ಟಿಸಿಕೊಂಡು ಬಸ್ಸು ಹತ್ತಿ, ಹಳ್ಳದ ತಿರುವಿನಲ್ಲಿ ಇಳಿದ. ಬಂಡೆಯ ಮೇಲೆ ಕೂತು ಪುರಿ ಎರಚಿದ. ನೀರೊಳಗಿನಿಂದ ಕಪ್ಪು ಬೆನ್ನುಗಳು ಒಂದರ ಮೇಲೊಂದು ಏರಿ ಬಂದವು. ಎಲ್ಲವೂ ಮೀನಿನ ಸಾರಿಗೆ ಹೇಳಿ ಮಾಡಿಸಿದ ಗಾತ್ರ.

ಆ ಕ್ರಿಸ್ಮಸ್ಸಿಗೆ ಫ್ರಿಜ್ಜು ಬರಲಿಲ್ಲ. ದೇವರಗುಂಡಿಯ ಮೀನನ್ನು ಪಿಯೂಸ್ ಹಿಡಿಯಲಿಲ್ಲ.