ಕೊನೆಯ ಸಲ ಯಾವಾಗ?

ಜನನ-ಮರಣ ನೋಂದಣಿ ಕಚೇರಿಯಲ್ಲಿ ಅವಳಿಗೆ ತಾರೀಖಕ್ಕ ಎಂದೇ ಹೆಸರು. ಹುಟ್ಟಿದ ದಿನವನ್ನು ಒಂದೇ ಒಂದು ದಿನ ಹಿಂದೆ ಹಾಕಿ ಎಂದು ಯಾರು ಗೋಗರೆದರೂ ಜಗ್ಗದ ಹೆಂಗಸು. ಸ್ವಂತ ಅತ್ತೆಯ ವಯಸ್ಸನ್ನೂ ಇದ್ದಷ್ಟೇ ಬರೆದು ಎರಡು ವರ್ಷ ಅವರ ಮಾತು ಕಳೆದುಕೊಂಡವಳು.

ಅವಳ ತಮ್ಮ ಲಿಫ್ಟ್ ಮೆಕ್ಯಾನಿಕ್. ಮೂರು ವರ್ಷದ ಹಿಂದೆ ಎರಡನೇ ಮಹಡಿಯಿಂದ ಲಿಫ್ಟಿನ ಗುಂಡಿಗೆ ಬಿದ್ದು ಬೆನ್ನು ಮುರಿದುಕೊಂಡಿದ್ದ. ಆಸ್ಪತ್ರೆಯವರು ನೋವಿಗೆ ಬಲವಾದ ಮಾತ್ರೆ ಕೊಟ್ಟರು. ಎಂಟು ತಿಂಗಳಾದ ಮೇಲೆ ಚೀಟಿ ಬರೆಯುವುದನ್ನು ನಿಲ್ಲಿಸಿದರು. ಆ ವಿಷಯವನ್ನು ನೋವಿಗೆ ಯಾರೂ ತಿಳಿಸಿರಲಿಲ್ಲ. ಮಾತ್ರೆ ಕದ್ದುಮುಚ್ಚಿ ಸಿಗುತ್ತಿದ್ದ ಜಾಗದಲ್ಲೇ ಹೆರಾಯಿನ್ನೂ ಸಿಗುತ್ತಿತ್ತು, ಇನ್ನೂ ಸಲೀಸಾಗಿ. ಅಲ್ಲಿಂದ ಮುಂದೆ ಅವನು ಬಾಯಿ ಬಿಟ್ಟರೆ ಸುಳ್ಳು. ಡ್ರಿಲ್ ಮಷೀನು ಕಳುವಾಯಿತು ಎಂದ, ಪರ್ಸು ಬಸ್ಸಿನಲ್ಲಿ ಹೋಯಿತು ಎಂದ, ಗುಂಡುಕಲ್ಲಿನ ಹಾಗಿದ್ದ ಮಾವನನ್ನು ಎರಡು ಸಲ ಸಾಯಿಸಿ ಎರಡು ಸಲ ರಜೆ ಹಾಕಿದ.

ಒಂದು ಬೆಳಿಗ್ಗೆ ಬಚ್ಚಲಿನ ಬಾಗಿಲು ಒಡೆದು ನೋಡಿದರೆ ಅವನ ತುಟಿ ನೀಲಿಗಟ್ಟಿತ್ತು. ಆಂಬುಲೆನ್ಸಿನವನು ಇಂಜೆಕ್ಷನ್ ಚುಚ್ಚಿ ಉಸಿರು ಮರಳಿಸಿದ. ಎಚ್ಚರವಾದ ಮೇಲೆ ತಮ್ಮ ಹೇಳಿದ್ದು ಒಂದೇ ಮಾತು: “ಅಕ್ಕಾ, ನನ್ನನ್ನ ಎಲ್ಲಾದ್ರೂ ಸೇರಿಸಿಬಿಡು.”

ಅವಳು ರಜೆ ಹಾಕಿ ಚಟ ಬಿಡಿಸುವ ಕೇಂದ್ರಗಳಿಗೆ ಫೋನು ಮಾಡುತ್ತ ಕೂತಳು. ಮೊದಲನೆಯ ಕಡೆ ಬೆಡ್ ಇರಲಿಲ್ಲ. ಎರಡನೆಯ ಕಡೆ ಕೇಳಿದರು, “ಕುಡಿತಾರಾ?”

“ಇಲ್ಲ, ಹೆರಾಯಿನ್.”

“ಅಯ್ಯೋ, ಕುಡಿಯೋರಾಗಿದ್ರೆ ಇವತ್ತೇ ತಗೋತಿದ್ವಿ.” ಆ ಧ್ವನಿ ನಿಜಕ್ಕೂ ನೊಂದುಕೊಂಡಿತು. ಕುಡಿಯುವುದನ್ನಾದರೂ ಕಲಿಯಬಾರದಿತ್ತೇ ಎಂದು ಅವಳಿಗೂ ಒಂದು ಗಳಿಗೆ ಅನ್ನಿಸಿತು.

ಮೂರನೆಯದು ದೊಡ್ಡ ಆಸ್ಪತ್ರೆ. “ಪಟ್ಟೀಲಿ ಹೆಸರು ಬರ್ಕೊಂಡಿದೀವಿ. ದಿನಾ ಹತ್ತು ಗಂಟೆಗೆ ಫೋನ್ ಮಾಡ್ತಿರಿ.”

ಐದು ದಿನ ಮಾಡಿದಳು. ಸಾವು ಕಂಡು ಬಂದ ತಮ್ಮ ಆ ಐದು ದಿನ ಏನನ್ನೂ ಮುಟ್ಟಲಿಲ್ಲ. ನಡುಗಿದ, ವಾಂತಿ ಮಾಡಿದ, ಮೈಯೆಲ್ಲ ಇರುವೆ ಕಚ್ಚುತ್ತಿವೆ ಎಂದು ಗೋಡೆ ಒದ್ದ. ಅಕ್ಕ ಬಕೆಟ್ ತೊಳೆದಳು, ಉಪ್ಪು-ಸಕ್ಕರೆ ನೀರು ಕುಡಿಸಿದಳು. ಆರನೇ ದಿನ ಬೆಳಿಗ್ಗೆ ಆಸ್ಪತ್ರೆಯಿಂದಲೇ ಕರೆ ಬಂತು: ಒಂದು ಬೆಡ್ ಖಾಲಿಯಾಗಿದೆ, ಹನ್ನೆರಡರೊಳಗೆ ಬನ್ನಿ.

ದಾಖಲಾತಿ ಮೇಜಿನ ಗುಮಾಸ್ತ ಫಾರಂ ತುಂಬುತ್ತ ಕೇಳಿದ, “ಕೊನೆಯ ಸಲ ಯಾವಾಗ ತಗೊಂಡ್ರಿ?”

“ಇವತ್ತಿಗೆ ಐದು ದಿನ ಪೂರ್ತಿ ಆಯ್ತು, ಸರ್.” ಹೆರಾಯಿನ್ ಹಿಡಿದ ಮೇಲೆ ಅವನು ಹೇಳಿದ ಮೊದಲ ನಿಜ ಅದು. ಹೇಳುವಾಗ ಬೆನ್ನನ್ನೂ ನೆಟ್ಟಗೆ ಮಾಡಿದ.

ಗುಮಾಸ್ತ ಪೆನ್ನು ಕೆಳಗಿಟ್ಟ. “ಹಾಗಾದ್ರೆ ಬಿಟ್ಟಾಯ್ತಲ್ಲ! ಇದು ಬಿಡಿಸೋ ವಾರ್ಡು. ಬಿಟ್ಟೋರಿಗೆ ಗುರುವಾರ ಹೊರರೋಗಿ ವಿಭಾಗ.”

“ನಿನ್ನೆ ಅಂತ ಬರ್ಕೊಳ್ಳಿ,” ಎಂದಳು ತಾರೀಖಕ್ಕ. ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿದಳು.

“ಮೂತ್ರ ಪರೀಕ್ಷೆ ಮಾಡ್ತೀವಲ್ಲ ಮೇಡಂ, ಗೊತ್ತಾಗುತ್ತೆ.”

“ಅಂದ್ರೆ ಈಗ ಹೋಗಿ ತಗೊಂಡು ಬಂದ್ರೆ ಬೆಡ್ ಸಿಗುತ್ತಾ?” ತಮ್ಮ ಕೇಳಿದ.

“ಹಾಗೆಲ್ಲ ನಾನು ಹೇಳೋ ಹಾಗಿಲ್ಲ,” ಎಂದು ಗುಮಾಸ್ತ ಗಡಿಯಾರ ನೋಡಿದ. “ಹನ್ನೆರಡರವರೆಗೂ ಬೆಡ್ ಹಿಡಿದಿಟ್ಟಿರ್ತೀನಿ.”

ತಮ್ಮ ಎದ್ದು ಹೊರಗೆ ನಡೆದ. ಗೇಟಿನ ಎದುರಿಗೇ ಸಿಗುತ್ತದೆಂದು ಅವನಿಗೆ ಗೊತ್ತಿತ್ತು. ಅಕ್ಕ ಹಿಂದೆಯೇ ಓಡಿದಳು. ಕಾಂಪೌಂಡಿನ ಬಳಿ ಅವನ ತೋಳು ಹಿಡಿದು ಅಂದಳು: “ಒಂಚೂರೇ ಚೂರು... ಸೇರಿಸ್ಕೊಳ್ಳೋಷ್ಟು.”

ಅವನು ಅಕ್ಕನ ಮುಖವನ್ನೇ ನೋಡಿದ. ನಗು ಬಂತೋ ಅಳು ಬಂತೋ ತಿಳಿಯಲಿಲ್ಲ.

“ಬೇಡ ಅಕ್ಕಾ. ಐದು ದಿನ ಬಿಟ್ಟ ಮೈಗೆ ಹಳೇ ಲೆಕ್ಕ ಒಗ್ಗಲ್ಲ. ಆಂಬುಲೆನ್ಸಿನವರು ಅವತ್ತೇ ಹೇಳಿದ್ರು, ಸಾಯೋರು ಹೀಗೇ ಸಾಯ್ತಾರಂತೆ. ಅದಕ್ಕೇ ಹೊರಗೆ ಬಂದೆ. ಅಲ್ಲೇ ಕೂತಿದ್ರೆ ಅವನ ಗಡಿಯಾರ ನೋಡ್ತಾ ನೋಡ್ತಾ ಒಪ್ಕೊಂಡುಬಿಡ್ತಿದ್ದೆ.”

ಅವಳು ಕಣ್ಣೊರೆಸಿಕೊಂಡು ಅವನನ್ನು ಎಳೆದುಕೊಂಡೇ ಒಳಗೆ ಬಂದಳು. “ಐದು ದಿನದ ಹಿಂದೆ ನಿಲ್ಲಿಸಿದ್ದರಿಂದ ಸೇರಿಸ್ಕೊಳ್ಳಲ್ಲ ಅಂತ ಬರೆದುಕೊಡಿ. ತಾರೀಖು, ಸಹಿ, ಮೊಹರು ಹಾಕಿ.”

ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕೂತವಳಿಗೆ ಗೊತ್ತಿತ್ತು: ಇಲ್ಲ ಎನ್ನಲು ಎಲ್ಲರೂ ತಯಾರು, ಇಲ್ಲ ಎಂದು ಬರೆದುಕೊಡಲು ಯಾರೂ ಇಲ್ಲ. ಗುಮಾಸ್ತ ಬೆವರಿ ಒಳಗಿನಿಂದ ಹಿರಿಯ ಡಾಕ್ಟರನ್ನು ಕರೆತಂದ.

ಡಾಕ್ಟರು ಕೇಳಿ ಕೆಂಡವಾದರು. “ಇಂಥೋರಿಗೇ ಅಪಾಯ ಜಾಸ್ತಿ ಕಣ್ರೀ! ಮತ್ತೆ ಒಂದು ಸಲ ತಗೊಂಡ್ರೆ ಹೆಣ. ಯಾವ ಪುಣ್ಯಾತ್ಮ ಮಾಡಿದ್ದು ಈ ನಿಯಮ?”

“ತಾವೇ ಸರ್. ಹೋದ ವರ್ಷದ ಸುತ್ತೋಲೆ.”

ಡಾಕ್ಟರು ಸುತ್ತೋಲೆಯನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು, “ಬೆಡ್ ಕೊಡಿ,” ಎಂದು ಹೊರಟುಹೋದರು.

ಇಪ್ಪತ್ತೆಂಟು ದಿನ ಇದ್ದು ಬಂದ. ಮೂರು ತಿಂಗಳು ಚೆನ್ನಾಗಿದ್ದು ಒಂದು ವಾರ ಜಾರಿದ. ಜೀವ ಉಳಿದದ್ದೇ ಪುಣ್ಯ. ಮತ್ತೆ ಅದೇ ಮೇಜು, ಅದೇ ಪ್ರಶ್ನೆ. “ಇವತ್ತು ಬೆಳಿಗ್ಗೆ,” ಎಂದ ತಮ್ಮ ತಲೆ ತಗ್ಗಿಸಿ. ಗುಮಾಸ್ತನ ಮುಖ ಅರಳಿತು. “ಹ್ಞಾ, ಈ ಸಲ ಸರಿಯಾಗಿ ಬಂದಿದೀರಿ!” ಹತ್ತೇ ನಿಮಿಷದಲ್ಲಿ ಬೆಡ್ ಸಿಕ್ಕಿತು.

ಅದಾಗಿ ಈಗ ಹದಿನಾಲ್ಕು ತಿಂಗಳಾಗಿದೆ. ದಿನಾ ಬೆಳಿಗ್ಗೆ ನಾಲಿಗೆಯ ಕೆಳಗೆ ಹೆರಾಯಿನ್ನಿನ ಆಸೆ ತಡೆಯುವ ಒಂದು ಮಾತ್ರೆ ಇಟ್ಟುಕೊಳ್ಳುತ್ತಾನೆ. ಡಾಕ್ಟರು ಕೊಟ್ಟದ್ದು, ಅಕ್ಕ ಎಣಿಸಿಡುವುದು. ಬೆನ್ನು ಇನ್ನೂ ನೋಯುತ್ತದೆ. ಲಿಫ್ಟ್ ಕಂಪನಿಯವರು ಅವನನ್ನು ದೂರು ಸ್ವೀಕರಿಸುವ ಫೋನಿನ ಮುಂದೆ ಕೂರಿಸಿದ್ದಾರೆ. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಗಾಬರಿಯಿಂದ ಕರೆ ಮಾಡಿದರೆ “ಇನ್ನೂ ಒಂದು ಗಂಟೆ ಆಗುತ್ತೆ ಸರ್, ಕೂತ್ಕೊಳ್ಳಿ,” ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಗಿರಾಕಿಗಳಿಗೆ ಹಾಗೆಲ್ಲ ನಿಜ ಹೇಳಬಾರದು ಎಂದು ಮ್ಯಾನೇಜರು ಮೊನ್ನೆ ನೋಟಿಸು ಕೊಟ್ಟಿದ್ದಾರೆ.