ಅಜ್ಜಿ ಪೋಲಿಷಿನಲ್ಲಿ ಹೇಳಿದ್ದು

"ಸಭೆಯಲ್ಲಿ ಯಾರಿಗಾದರೂ ಪ್ರಶ್ನೆ ಇದೆಯೇ?"

ಅಧ್ಯಕ್ಷರು ಬಾಯಿಮಾತಿಗೆ ಕೇಳಿದ್ದು. ಪಿಎಚ್.ಡಿ. ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದು, ಕೇಳಬಹುದು. ಆದರೆ ಪೋಲಿಷ್ ವಿಶ್ವವಿದ್ಯಾಲಯದ ಸ್ಲಾವಿಕ್ ಭಾಷೆಗಳ ಆ ವಿಭಾಗದಲ್ಲಿ ಹೊರಗಿನವರು ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ಹಿಂದಿನ ಬೆಂಚಿನಿಂದ ಒರೆಸ್ಟ್ ಎದ್ದ. ಓದನ್ನು ಅರ್ಧಕ್ಕೇ ಬಿಟ್ಟು ಮರದ ಮಿಲ್ಲು ಸೇರಿದವನು.

"ನಂದೊಂದಿದೆ. ಕಿಂಗಾ ಮೇಡಂ, ನಮ್ಮಜ್ಜಿ ತಮ್ಮನ ವಿಷಯ ಹೇಳಿದ್ಲಲ್ಲ, ಆ ರೆಕಾರ್ಡಿಂಗ್ ಎಲ್ಲಿ?"

ಪ್ರಬಂಧ ಮಂಡಿಸುತ್ತಿದ್ದ ಕಿಂಗಾ ಮೂರು ಬೇಸಿಗೆ ಒರೆಸ್ಟ್‌ನ ಮನೆಯ ಆಲೂಗಡ್ಡೆ ಕಡುಬು ತಿಂದು, ಅಜ್ಜಿ ಮೆಲಾನಿಯಾಳ ಲೆಮ್ಕೊ ಮಾತು ರೆಕಾರ್ಡ್ ಮಾಡಿಕೊಂಡಿದ್ದಳು. ನಲವತ್ತೇಳರಲ್ಲಿ ಪೋಲಿಷ್ ಸೈನ್ಯ ಲೆಮ್ಕೊ ಅಲ್ಪಸಂಖ್ಯಾತರನ್ನು ಬೆಟ್ಟದ ಹಳ್ಳಿಗಳಿಂದ ಎಬ್ಬಿಸಿ ಪಶ್ಚಿಮದ ರೈಲು ಹತ್ತಿಸಿದಾಗ ಅಜ್ಜಿಗೆ ಹತ್ತು ವರ್ಷ. ಸ್ಟೇಷನ್ನಿನ ದಾರಿಯಲ್ಲಿ ಅವಳ ಕೈಗೂಸು ತಮ್ಮ ತೀರಿಕೊಂಡ. ಎಲ್ಲಿ ಹೂತಿರಿ ಎಂದು ಮನೆಯವರು ಕೇಳಿದರೆ ಒಲೆ ಕಡೆ ತಿರುಗಿಬಿಡುವಳು. ಕಿಂಗಾಳಿಗೆ ಮಾತ್ರ ಹೇಳಿದಳು. ಅವತ್ತು ಒರೆಸ್ಟ್ ಛಾವಣಿ ರಿಪೇರಿ ಮುಗಿಸಿ ಇಳಿದಾಗ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಜಾಗ, ಗುರುತು, ಎಲ್ಲಾ ಆ ಹುಡುಗಿಗೆ ಹೇಳಿದೀನಿ ಕಣೋ. ಅವಳ ಡಬ್ಬೀಲಿದೆ. ಇನ್ನೊಂದ್ಸಲ ನನ್ನ ಬಾಯಲ್ಲಿ ಹೇಳಿಸ್ಬೇಡ. ಅಲ್ಲೊಂದು ಶಿಲುಬೆ ನೆಟ್ಬಿಡು."

ತಿಂಗಳೊಳಗೆ ಲಕ್ವ ಹೊಡೆದು ಮಾತು ನಿಂತಿತು. ಈಸ್ಟರ್‌ಗೆ ಮೊದಲೇ ಉಸಿರೂ ನಿಂತಿತು. ಒರೆಸ್ಟ್ ಎಷ್ಟು ಸಲ ಫೋನ್ ಮಾಡಿದರೂ ಕಿಂಗಾಳದು ಒಂದೇ ಮಾತು: ಪ್ರಬಂಧ ಮುಗೀಲಿ.

"ಪ್ರಬಂಧದ ಬಗ್ಗೆ ಕೇಳಿ ಸ್ವಾಮಿ," ಎಂದರು ಅಧ್ಯಕ್ಷರು.

"ಪುಟಪುಟದಲ್ಲೂ ನಮ್ಮಜ್ಜೀನೇ ಇದಾಳಲ್ಲ ಸಾರ್! 'ಮಾಹಿತಿದಾರೆ ನಾಲ್ಕು' ಅಂತೆ. ಇನ್ನೆಂಥಾ ಪ್ರಬಂಧ?"

ಯಾರೋ ಕಿಸಕ್ಕೆಂದರು. ಕಿಂಗಾ ನೀರಿನ ಲೋಟ ಹಿಡಿದಳು, ಕುಡಿಯಲಿಲ್ಲ.

"ಅದು... ಅಳಿಸಿಬಿಟ್ಟೆ, ಒರೆಸ್ಟ್. ಅಷ್ಟನ್ನೂ ಅಜ್ಜಿ ಪೋಲಿಷಿನಲ್ಲಿ ಹೇಳಿದ್ರು. ನನಗೆ ಲೆಮ್ಕೊ ಮಾತ್ರ ಬೇಕಿತ್ತು."

ಒರೆಸ್ಟ್ ಬೆಂಚು ದಾಟಿ ಮುಂದೆ ಬಂದ. ಪೋಲಿಷರ ಹುಡುಗಿ, ಒಂದಕ್ಷರವೂ ಅವಳಿಗೆ ತಪ್ಪಿಹೋಗಬಾರದು ಎಂದು ಮುದುಕಿ ತನ್ನ ಭಾಷೆ ಬಿಟ್ಟು ಅವಳ ಭಾಷೆಯಲ್ಲಿ ತಡವರಿಸಿದ್ದಳು.

"ಕ್ರಮ ಸರಿಯಾಗೇ ಇದೆ," ಎಂದ ಗಡ್ಡದ ಪರೀಕ್ಷಕ. "ಮಾದರಿ ಶುದ್ಧವಾಗಿರಬೇಕಲ್ಲ."

"ನಿಮ್ಮ ಶುದ್ಧಕ್ಕೆ ಬೆಂಕಿ ಹಾಕ! ಮೊದಲು ಊರಿಂದ ನಮ್ಮನ್ನ ಅಳಿಸಿದ್ರಿ. ಈಗ ಇದು."

ಅಧ್ಯಕ್ಷರು ನಡಾವಳಿ ಮುಂದುವರಿಸಿದರು. ಸಮಿತಿ ಒಳಗೆ ಹೋಯಿತು, ಬಂತು, ಒಮ್ಮತದಿಂದ ಡಾಕ್ಟರೇಟ್. ಚಪ್ಪಾಳೆ. ಹೊರಗೆ ಮೇಜಿನ ಮೇಲೆ ಬ್ರೆಡ್ಡು, ಹ್ಯಾಮು, ವೈನು.

ಹೂಗುಚ್ಛ ಹಿಡಿದೇ ಕಿಂಗಾ ಅವನ ಹತ್ತಿರ ಬಂದಳು. "ಕೃತಜ್ಞತೆಯಲ್ಲಿ ಅಜ್ಜಿ ಹೆಸರು ಹಾಕಿದೀನಿ."

"ಬರೀ ಹೆಸರನ್ನ ಶಿಲುಬೆ ಅಂತ ನೆಡೋಕಾಗುತ್ತಾ? ನಿಮ್ಮ ಕಿವೀಲೇ ಕೇಳಿದೀರಲ್ಲ. ಏನಂದ್ಲು, ಹೇಳಿ."

ಅವಳು ಕಣ್ಣು ಮುಚ್ಚಿದಳು. "ಒಂದು ಸೇತುವೆ... ಅದರಾಚೆ ಪಿಯರ್ ಮರ ಅಂದ್ರು..." ಕಣ್ಣು ತೆರೆದು ಅವನ ಮುಖ ನೋಡಿದಳು. "ಇಲ್ಲ, ಚರ್ಚಿನ ಹಿಂದೆ. ಹೌದು, ಚರ್ಚಿನ ಹಿಂದೇನೇ."

ಅವನ ಮುಖ ನೋಡಿಯೇ ಜಾಗ ಹುಡುಕುತ್ತಿದ್ದಾಳೆ ಎಂದು ಒರೆಸ್ಟ್‌ಗೆ ಗೊತ್ತಾಯಿತು.

"ಸಾಕು ಮೇಡಂ. ನೀವು ಎಲ್ಲಿ ಅಂದ್ರೂ ನಾನು ನಂಬ್ತೀನಿ, ಹೋಗಿ ಅಲ್ಲೇ ಶಿಲುಬೆ ನೆಟ್ಟೂ ಬಿಡ್ತೀನಿ. ಅದಕ್ಕೇ, ದಯವಿಟ್ಟು, ಇನ್ನೇನೂ ಹೇಳ್ಬೇಡಿ."