ನಾಲ್ಕನೆಯ ಹೆಗಲು

ಎತ್ತಿದ ಚಟ್ಟವನ್ನು ಮತ್ತೆ ಕೆಳಗಿಟ್ಟರು. ಹಿಂದಿನ ಮೂಲೆಗೆ ಹೆಗಲು ಕೊಟ್ಟಿದ್ದ ಮುದುಕ ಬಡಗಿಯ ಮೊಣಕಾಲು ಕೈಕೊಟ್ಟಿತ್ತು.

“ಇನ್ನೊಬ್ಬರು ಬೇಕಲ್ಲಮ್ಮ,” ಎಂದ ಬಡಗಿ, ನಾಚಿಕೊಂಡು.

“ಎಲ್ಲಿಂದ ತರೋದು?” ಸತ್ತವನ ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. “ಡೇರಿ ಲೆಕ್ಕ ಬರೆದು ಬಂದು ಆ ಕಂಪ್ಯೂಟರ್ ಮುಂದೆ ಕೂತರೆ ಮುಗೀತು. ಯಾರ ಮನೆ ಮೆಟ್ಟಿಲು ತುಳಿದ ಇವನು, ಇವತ್ತು ಜನ ಬರೋಕೆ?”

ಗಂಡನ ಕಾಲ ಬಳಿ ಕೂತಿದ್ದ ಹೆಂಡತಿ ಜಾರಿದ ಹೊದಿಕೆಯನ್ನು ಸರಿಮಾಡಿದಳು.

*

“ಅದೇನ್ರೀ ಅಂಥಾ ಕೆಲಸ?” ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದಳು.

“ಗಾಡಿ ಚಕ್ರ ಕಳಚದ ಹಾಗೆ ಕಡಾಣಿ ಹಾಕಿರ್ತಾರಲ್ಲ, ಅಂಥದ್ದು. ತಾರೀಖು ತಪ್ಪದ ಹಾಗೆ ನೋಡ್ಕೊಳ್ಳೋ ಪುಟ್ಟ ಪ್ರೋಗ್ರಾಂ. ಆಸ್ಪತ್ರೆ, ಬ್ಯಾಂಕು, ರೈಲು, ಎಲ್ಲರೂ ತಗೊಂಡು ತಮ್ಮ ಗಾಡಿಗೆ ಹಾಕ್ಕೊಂಡಿದಾರೆ.”

“ಏನು ಕೊಡ್ತಾರೆ?”

“ಕೆಟ್ಟಾಗ ಒಂದು ಫೋನ್ ಕಾಲ್ ಕೊಡ್ತಾರೆ,” ಎಂದು ನಕ್ಕಿದ್ದ.

ಮೊನ್ನೆ ರಾತ್ರಿ ಅವನು ಎದೆ ಹಿಡಿದುಕೊಂಡಾಗ ಆಟೊ ಕರೆಸಿ, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತಿದ್ದಳು. ಅಷ್ಟರಲ್ಲಿ ಫೋನು. ಅವಳೇ ಎತ್ತಿ ಗಂಡನ ಕೈಗೆ ಕೊಟ್ಟಿದ್ದಳು.

“ಆಸ್ಪತ್ರೆಗಳಲ್ಲಿ ಔಷಧಿ ತಾರೀಖು ಹೆಚ್ಚುಕಮ್ಮಿ ಆಗ್ತಿದೆಯಂತೆ. ಇದೊಂದು ಸರಿ ಮಾಡಿ ಬಂದೆ. ನಂಬ್ಕೊಂಡಿದಾರೆ ಕಣೆ,” ಎಂದು ಅವನು ಒಳಗೆ ಹೋದ.

ಆಟೊದವನು ಕಾದು ಕಾದು ಹೋದ. ಒಳಗೆ ಬಂದು ನೋಡಿದರೆ ಮೇಜಿಗೆ ತಲೆಯಾನಿಸಿದ್ದ. ನೋವಿಳಿದು ನಿದ್ದೆ ಹತ್ತಿತೇನೋ ಎಂದುಕೊಂಡು ಶಾಲು ಹೊದಿಸಿದ್ದಳು.

*

ಬಾಡಿಗೆ ಕಾರೊಂದು ಬಂದು ನಿಂತಿತು. ಇಳಿದವನು ಯಾವುದೋ ದೊಡ್ಡ ಕಂಪನಿಯ ಇಂಜಿನಿಯರ್. ಕಣ್ಣು ಊದಿಕೊಂಡಿತ್ತು. ಬಾಯಿ ತೆರೆದ ಕೂಡಲೇ ಹೆಂಡತಿಗೆ ಗೊತ್ತಾಯಿತು. ಮೊನ್ನೆ ಫೋನಿನಲ್ಲಿ ಕೇಳಿದ್ದು ಅದೇ ದನಿ.

“ಅಕ್ಕಾ, ಈ ಹೊತ್ತಲ್ಲಿ ಕೇಳಬಾರದು. ಅವರ ಪಾಸ್‌ವರ್ಡ್ ಇಲ್ದೆ ಆ ಪ್ರೋಗ್ರಾಂನ ಇನ್ಯಾರೂ ಮುಟ್ಟೋ ಹಾಗಿಲ್ಲ. ಇನ್ಮೇಲೆ ನೋಡ್ಕೊಳ್ಳೋರಿಗೆ ಸಂಬಳ ಕೊಡೋಕೆ ಕಂಪನಿ ಒಪ್ಪಿದೆ.”

“ಇನ್ಮೇಲೆ,” ಎಂದಳು ಅವಳು.

“ಎಷ್ಟೋ ಜನ ಅವರನ್ನೇ ನಂಬ್ಕೊಂಡಿದ್ರು, ಅಕ್ಕಾ.”

“ನಾನೂ ನಂಬ್ಕೊಂಡಿದ್ದೆ.”

ಅವನ ತಲೆ ತಗ್ಗಿತು.

“ಚೆನ್ನಾಗಿದೆ ಕಣಪ್ಪಾ!” ಸತ್ತವನ ಅಕ್ಕ ಹರಿಹಾಯ್ದಳು. “ಹೆಣ ಇನ್ನೂ ಅಂಗಳದಲ್ಲಿದೆ, ನಿನಗೆ ಬೀಗದ ಕೈ ಬೇಕು!”

“ಇರ್ಲಿ ಬಿಡಿ ಅತ್ತಿಗೆ. ಇವರು ಯಾವತ್ತೂ ಯಾರಿಗೂ ಇಲ್ಲ ಅಂದವರಲ್ಲ.” ಹೆಂಡತಿ ನೆಲಕ್ಕೆ ಕೈಯೂರಿ ಎದ್ದಳು. “ಕೊಡ್ತೀನಿ. ಮೊದಲು ಹೆಗಲು ಕೊಡಪ್ಪ. ಒಬ್ಬರು ಕಮ್ಮಿ ಇದಾರೆ.”

ಅವನು ಬ್ಯಾಗು ಇಳಿಸಿ ಹಿಂದಿನ ಮೂಲೆಗೆ ಹೋದ. ಹೊತ್ತು ಅಭ್ಯಾಸವಿಲ್ಲದ ಹೆಗಲು. ರಸ್ತೆಯ ತಿರುವಿನಲ್ಲಿ ಆ ಮೂಲೆ ವಾಲತೊಡಗಿತು. ಹೆಂಡತಿ ಸದ್ದಿಲ್ಲದೆ ಪಕ್ಕಕ್ಕೆ ಬಂದು, ಬಿದಿರಿನ ಅಡಿಗೆ ಅಂಗೈ ಒತ್ತುಕೊಟ್ಟು, ಹಾಗೆಯೇ ನಡೆದಳು. ಮುಂದಿದ್ದವರು ತಿರುಗಿ ನೋಡಲಿಲ್ಲ.